ಜಿಲ್ಲಾಸ್ಪತ್ರೆಗೆ ಹೊರಟಿದ್ದೀರಾ? ಚೀಟಿ ಮಾಡಿಸುವುದರಿಂದ ಡಿಸ್ಚಾರ್ಜ್ ತನಕ

"ಸರ್ಕಾರಿ ಆಸ್ಪತ್ರೆಗೆ ಹೋದರೆ ಕೆಲಸ ಆಗುತ್ತಾ?" ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಇದರ ಬೆನ್ನಿಗೇ ಇನ್ನೆರಡು ಬರುತ್ತವೆ. "ಏನೇನು ತಗೊಂಡು ಹೋಗಬೇಕು?" ಮತ್ತೆ, "ಆಯುಷ್ಮಾನ್ ಕಾರ್ಡ್ ಇದ್ದರೂ ಖಾಸಗಿ ಆಸ್ಪತ್ರೆಯವರು ದುಡ್ಡು ಕಟ್ಟಿ ಅಂತಾರೆ, ಯಾಕೆ?" ಒಬ್ಬೊಬ್ಬರಿಗೇ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಇಡುತ್ತಿದ್ದೇನೆ.

ಮೊದಲ ಪ್ರಶ್ನೆಗೆ ಉತ್ತರ: ಆಗುತ್ತದೆ. ಮಂಗಳೂರಿನ ವೆನ್ಲಾಕ್, ಶಿವಮೊಗ್ಗದ ಮೆಗ್ಗಾನ್, ದಾವಣಗೆರೆಯ ಚಿಗಟೇರಿ, ಜನ ಇಂದಿಗೂ ಕಿಮ್ಸ್ ಅಂತಲೇ ಕರೆಯುವ ಹುಬ್ಬಳ್ಳಿಯ ದೊಡ್ಡಾಸ್ಪತ್ರೆ, ಇವೆಲ್ಲ ಬರೀ ಒಂದು ಊರಿನ ಆಸ್ಪತ್ರೆಗಳಲ್ಲ. ಸುತ್ತಲ ಇಡೀ ಸೀಮೆಗೆ ಇವೇ ಆಧಾರ. ವೆನ್ಲಾಕ್ 1848ರಿಂದ ರೋಗಿಗಳನ್ನು ನೋಡುತ್ತಿದೆ. ಹುಬ್ಬಳ್ಳಿಗೆ ಗದಗ, ಹಾವೇರಿ, ಕೊಪ್ಪಳ, ಬಾಗಲಕೋಟೆಯಿಂದ ಜನ ಬರುತ್ತಾರೆ. ಇಲ್ಲಿಂದ ಜನ ಬರಿಗೈಲಿ ವಾಪಸ್ ಬರುವುದಕ್ಕೆ ನಾನು ಕಂಡ ಹಾಗೆ ಮುಖ್ಯ ಕಾರಣ ಮೂರೇ: ತಪ್ಪು ಬಾಗಿಲಿಗೆ ಹೋಗಿರುತ್ತಾರೆ, ತಪ್ಪು ದಿನ ಹೋಗಿರುತ್ತಾರೆ, ಇಲ್ಲಾ ಕಾಗದ ಮನೆಯಲ್ಲೇ ಬಿಟ್ಟಿರುತ್ತಾರೆ. ಈ ಮೂರನ್ನೂ ಮನೆಯಲ್ಲಿ ಕೂತೇ ಸರಿ ಮಾಡಿಕೊಳ್ಳಬಹುದು.

1. ಮೊದಲು ಯಾವ ಆಸ್ಪತ್ರೆ ಅಂತ ತೀರ್ಮಾನಿಸಿ

ಸರ್ಕಾರಿ ಆರೋಗ್ಯ ವ್ಯವಸ್ಥೆ ಮೆಟ್ಟಿಲು ಮೆಟ್ಟಿಲಾಗಿದೆ. ಕೆಳಗೆ ಉಪಕೇಂದ್ರ, ಅದರ ಮೇಲೆ ಪ್ರಾಥಮಿಕ ಆರೋಗ್ಯ ಕೇಂದ್ರ (ಜನ ಪಿಎಚ್‌ಸಿ ಅನ್ನುವುದು ಇದಕ್ಕೇ), ಸಮುದಾಯ ಆರೋಗ್ಯ ಕೇಂದ್ರ, ತಾಲ್ಲೂಕು ಆಸ್ಪತ್ರೆ, ಜಿಲ್ಲಾಸ್ಪತ್ರೆ. ಎಷ್ಟೋ ಜಿಲ್ಲೆಗಳಲ್ಲಿ ಜಿಲ್ಲಾಸ್ಪತ್ರೆಯೇ ಮೆಡಿಕಲ್ ಕಾಲೇಜಿನ ಆಸ್ಪತ್ರೆಯೂ ಹೌದು. ಅದರಾಚೆ ಹೃದಯಕ್ಕೆ ಜಯದೇವ, ಕ್ಯಾನ್ಸರಿಗೆ ಕಿದ್ವಾಯಿ, ಮನಸ್ಸು ಮತ್ತು ನರದ ಕಾಯಿಲೆಗೆ ನಿಮ್ಹಾನ್ಸ್ ಇವೆ.

ಜ್ವರ, ಕೆಮ್ಮು, ಮಗುವಿನ ಲಸಿಕೆ, ಗರ್ಭಿಣಿಯ ತಿಂಗಳ ತಪಾಸಣೆಗೆ ಜಿಲ್ಲಾಸ್ಪತ್ರೆಯ ಸಾಲಿನಲ್ಲಿ ನಿಲ್ಲಬೇಡಿ. ಬಿಪಿ, ಶುಗರ್ ಮಾತ್ರೆಯೂ ಅಷ್ಟೇ. ದೊಡ್ಡ ಡಾಕ್ಟರ್ ಒಮ್ಮೆ ನೋಡಿ ಮಾತ್ರೆ ಗೊತ್ತು ಮಾಡಿದ ಮೇಲೆ, ಆ ಚೀಟಿ ತೋರಿಸಿ ನಿಮ್ಮ ಪಿಎಚ್‌ಸಿಯಲ್ಲೇ ಪ್ರತಿ ತಿಂಗಳು ಕೇಳಿ ಪಡೆಯಿರಿ. ಬಸ್ ಚಾರ್ಜು, ಒಂದು ದಿನದ ಕೂಲಿ, ಎರಡೂ ಉಳಿಯುತ್ತವೆ.

ಪಿಎಚ್‌ಸಿಗೆ ಮೊದಲು ಹೋಗುವುದರಲ್ಲಿ ಇನ್ನೊಂದು ಲಾಭ ಇದೆ. ಅಲ್ಲಿಯ ಡಾಕ್ಟರ್ ರೆಫರಲ್ ಚೀಟಿ ಬರೆದುಕೊಡುತ್ತಾರೆ. ರೆಫರಲ್ ಅಂದರೆ "ಈ ರೋಗಿಗೆ ಇಂಥ ತೊಂದರೆ ಇದೆ, ಇಲ್ಲಿ ಸೌಲಭ್ಯ ಇಲ್ಲ, ಮೇಲಿನ ಆಸ್ಪತ್ರೆಗೆ ಕಳಿಸುತ್ತಿದ್ದೇವೆ" ಎಂಬ ಪತ್ರ. ಅದನ್ನು ಕೈಯಲ್ಲಿ ಹಿಡಿದು ಹೋದರೆ ಯಾವ ವಿಭಾಗಕ್ಕೆ ಹೋಗಬೇಕೆಂದು ಅಲ್ಲಿ ಅಲೆಯಬೇಕಾಗಿಲ್ಲ.

2. ಒಂದು ಫೈಲ್ ಮಾಡಿಟ್ಟುಕೊಳ್ಳಿ

ಹತ್ತು ರೂಪಾಯಿಯ ಪ್ಲಾಸ್ಟಿಕ್ ಫೈಲ್ ಸಾಕು. ಅದರಲ್ಲಿ ಇವು ಇರಲಿ:

- ರೋಗಿಯ ಆಧಾರ್ ಮತ್ತು ರೇಷನ್ ಕಾರ್ಡ್, ಮೂಲ ಪ್ರತಿಯ ಜೊತೆ ಮೂರ್ನಾಲ್ಕು ಜೆರಾಕ್ಸ್
- ಆಯುಷ್ಮಾನ್ ಕಾರ್ಡ್ ಇದ್ದರೆ ಅದು
- ಹಳೆಯ ಚೀಟಿ, ರಿಪೋರ್ಟ್, ಎಕ್ಸ್‌ರೇ, ಸ್ಕ್ಯಾನಿಂಗ್, ತಾರೀಖಿನ ಪ್ರಕಾರ ಜೋಡಿಸಿ, ಹೊಸದು ಮೇಲೆ ಬರುವ ಹಾಗೆ
- ಈಗ ತಗೊಳ್ಳುತ್ತಿರುವ ಮಾತ್ರೆಗಳ ಖಾಲಿ ಸ್ಟ್ರಿಪ್ಪುಗಳು
- ಗರ್ಭಿಣಿಯಾಗಿದ್ದರೆ ತಾಯಿ ಕಾರ್ಡ್

ಖಾಲಿ ಸ್ಟ್ರಿಪ್ಪು ಯಾಕೆ ಅಂತೀರಾ? "ಬೆಳಿಗ್ಗೆ ಒಂದು ಬಿಳಿ ಮಾತ್ರೆ, ರಾತ್ರಿ ಒಂದು ಗುಲಾಬಿ ಮಾತ್ರೆ" ಅಂದರೆ ಯಾವ ಡಾಕ್ಟರಿಗೂ ಏನೂ ಗೊತ್ತಾಗುವುದಿಲ್ಲ. ಸ್ಟ್ರಿಪ್ಪಿನ ಹಿಂದೆ ಔಷಧಿಯ ಹೆಸರು, ಪ್ರಮಾಣ ಎರಡೂ ಇರುತ್ತವೆ.

ಎಚ್ಚರಿಕೆ: ರೇಷನ್ ಕಾರ್ಡಿನಲ್ಲೂ ಆಧಾರಿನಲ್ಲೂ ಹೆಸರು ಒಂದೇ ರೀತಿ ಇದೆಯಾ ನೋಡಿ. ಒಂದರಲ್ಲಿ "ಲಕ್ಷ್ಮಮ್ಮ", ಇನ್ನೊಂದರಲ್ಲಿ "ಲಕ್ಷ್ಮೀದೇವಿ" ಇದ್ದರೆ ಆಪರೇಷನ್ ಹಿಂದಿನ ದಿನ ಆಯುಷ್ಮಾನ್ ಯೋಜನೆಯ ಕಂಪ್ಯೂಟರ್ ಒಪ್ಪುವುದಿಲ್ಲ. ಮದುವೆಯಾಗಿ ಬಂದ ಸೊಸೆಯ ಹೆಸರು ಗಂಡನ ಮನೆಯ ರೇಷನ್ ಕಾರ್ಡಿಗೆ ಸೇರಿರುವುದಿಲ್ಲ. ಇದೂ ಬಹಳ ಸಾಮಾನ್ಯ. ಆರೋಗ್ಯ ಚೆನ್ನಾಗಿರುವಾಗಲೇ ಸರಿ ಮಾಡಿಸಿಡಿ.

3. ಚೀಟಿ ಮಾಡಿಸುವುದು ಮತ್ತು ಒಪಿಡಿ

ಒಪಿಡಿ ಅಂದರೆ ಹೊರರೋಗಿ ವಿಭಾಗ. ಬಂದು, ತೋರಿಸಿಕೊಂಡು, ಅದೇ ದಿನ ಮನೆಗೆ ಹೋಗುವವರ ಜಾಗ. ಸಾಮಾನ್ಯವಾಗಿ ಬೆಳಿಗ್ಗೆ 9ಕ್ಕೆ ಶುರು. ಭಾನುವಾರ ಮತ್ತು ಸರ್ಕಾರಿ ರಜೆಯ ದಿನ ಇರುವುದಿಲ್ಲ, ಆವತ್ತು ತುರ್ತು ವಿಭಾಗ ಮಾತ್ರ. ಚೀಟಿಗೆ ಹತ್ತಿಪ್ಪತ್ತು ರೂಪಾಯಿ ಆಗುತ್ತದೆ. ಬೆಂಗಳೂರಿನ ವಿಕ್ಟೋರಿಯಾ ಮತ್ತು ಜೊತೆಯ ಆಸ್ಪತ್ರೆಗಳಲ್ಲಿ 2024ರ ನವೆಂಬರಿನಲ್ಲಿ 10 ರೂಪಾಯಿ ಇದ್ದದ್ದು 20 ಆಯಿತು.

ಸಾಲು ತಪ್ಪಿಸುವ ದಾರಿಯೂ ಇದೆ. ಅನೇಕ ಆಸ್ಪತ್ರೆಗಳ ಕೌಂಟರ್ ಪಕ್ಕದಲ್ಲಿ ಕ್ಯೂಆರ್ ಕೋಡ್ ಅಂಟಿಸಿರುತ್ತಾರೆ. ನಿಮ್ಮ ಫೋನಿನಲ್ಲಿ ಆಭಾ ಆ್ಯಪ್ ಇದ್ದರೆ ಅದರಿಂದ ಸ್ಕ್ಯಾನ್ ಮಾಡಿ. ಹೆಸರು, ವಯಸ್ಸು, ವಿಳಾಸ ತಾನಾಗಿಯೇ ಹೋಗಿ ಟೋಕನ್ ನಂಬರ್ ಬರುತ್ತದೆ. ಆಭಾ ಅಂದರೆ 14 ಅಂಕಿಯ ಆರೋಗ್ಯ ಗುರುತಿನ ಸಂಖ್ಯೆ. ಇದನ್ನು ಆಯುಷ್ಮಾನ್ ಕಾರ್ಡ್ ಜೊತೆ ಗೊಂದಲ ಮಾಡಿಕೊಳ್ಳಬೇಡಿ. ಆಭಾ ನಿಮ್ಮ ದಾಖಲೆಗಳ ಗುರುತು, ಅಷ್ಟೇ. ಅದರಿಂದ ಒಂದು ರೂಪಾಯಿಯ ಚಿಕಿತ್ಸೆಯೂ ಉಚಿತವಾಗುವುದಿಲ್ಲ. "ನನ್ನ ಹತ್ರ ಆಭಾ ಇದೆ" ಅಂತ ಧೈರ್ಯವಾಗಿ ಹೋಗಿ ಬಿಲ್ಲಿಂಗ್ ಮುಂದೆ ಪೆಚ್ಚಾದವರನ್ನು ನೋಡಿದ್ದೇನೆ.

ಈಗ ಯಾರೂ ಹೇಳಿಕೊಡದ ಒಂದು ವಿಷಯ. ಮೆಡಿಕಲ್ ಕಾಲೇಜಿಗೆ ಸೇರಿದ ಆಸ್ಪತ್ರೆಗಳಲ್ಲಿ ಪ್ರತಿ ವಿಭಾಗವೂ "ಯುನಿಟ್"ಗಳಾಗಿ ಹಂಚಿಹೋಗಿರುತ್ತದೆ. ಒಂದು ಯುನಿಟ್ ಅಂದರೆ ಒಬ್ಬ ದೊಡ್ಡ ಡಾಕ್ಟರ್, ಅವರ ಕೆಳಗೆ ಒಂದಿಬ್ಬರು ಡಾಕ್ಟರುಗಳು, ಪಿಜಿ ವಿದ್ಯಾರ್ಥಿಗಳು, ಹೌಸ್ ಸರ್ಜನ್‌ಗಳು. ಪ್ರತಿ ಯುನಿಟ್ಟಿಗೂ ವಾರದಲ್ಲಿ ಗೊತ್ತಾದ ಒಪಿಡಿ ದಿನ ಇರುತ್ತದೆ. ನೀವು ಸೋಮವಾರ ತೋರಿಸಿ, "ಮುಂದಿನ ವಾರ ಬನ್ನಿ" ಅಂದದ್ದಕ್ಕೆ ಬುಧವಾರ ಹೋದರೆ ಅಲ್ಲಿ ಬೇರೆಯವರು ಕೂತಿರುತ್ತಾರೆ. ಅವರಿಗೆ ನಿಮ್ಮ ಕಥೆ ಗೊತ್ತಿಲ್ಲ. ಮೊದಲಿನಿಂದ ಶುರು ಮಾಡುತ್ತಾರೆ, ಇಲ್ಲವೇ "ನಿಮ್ಮ ಯುನಿಟ್ ದಿನ ಬನ್ನಿ" ಅಂತ ಕಳಿಸುತ್ತಾರೆ. ಚೀಟಿಯ ಮೇಲ್ತುದಿಯಲ್ಲಿ ಯುನಿಟ್ ಗುರುತು ಬರೆದಿರುತ್ತಾರೆ. ಹೊರಡುವ ಮುಂಚೆ ಕೇಳಿಕೊಳ್ಳಿ: "ಸರ್, ಇದು ಯಾವ ಯುನಿಟ್? ನಿಮ್ಮ ಒಪಿಡಿ ಯಾವ್ಯಾವ ದಿನ?" ಅದನ್ನು ಫೈಲಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿಡಿ.

ಒಳಗೆ ಹೋದಾಗ ಸಮಯ ಕಮ್ಮಿ. ಮುಖ್ಯವಾದ ತೊಂದರೆಯನ್ನು ಮೊದಲೇ ಹೇಳಿ: ಏನು ನೋವು, ಎಷ್ಟು ದಿನದಿಂದ, ಯಾವ ಔಷಧಿಗೆ ಅಲರ್ಜಿ. ಉಳಿದದ್ದನ್ನು ಅವರು ಕೇಳುತ್ತಾರೆ.

4. ಪರೀಕ್ಷೆ ಮತ್ತು ಔಷಧಿ

ಸಾಧ್ಯವಾದರೆ ಖಾಲಿ ಹೊಟ್ಟೆಯಲ್ಲಿ ಹೋಗಿ, ತಿಂಡಿ ಡಬ್ಬಿಯಲ್ಲಿ ಇರಲಿ. ರಕ್ತ, ಹೊಟ್ಟೆ ಸ್ಕ್ಯಾನಿಂಗ್ ಬರೆದುಕೊಟ್ಟರೆ ಅದೇ ದಿನ ಮುಗಿಯಬಹುದು. ಸಕ್ಕರೆ ಕಾಯಿಲೆಯವರು ಮಾತ್ರ ಹೀಗೆ ಮಾಡಬೇಡಿ. ಅವರು ಮಾತ್ರೆ ನುಂಗಿ ಹಸಿದು ಸಾಲಲ್ಲಿ ನಿಂತರೆ ತಲೆ ಸುತ್ತಿ ಬೀಳುತ್ತಾರೆ. ಬಿಪಿಎಲ್ ಕಾರ್ಡನ್ನು ಪರೀಕ್ಷೆಗೆ ಮುಂಚೆಯೇ ಬಿಲ್ಲಿಂಗ್‌ನಲ್ಲಿ ತೋರಿಸಿ. ಅನೇಕ ಪರೀಕ್ಷೆ ಉಚಿತ ಆಗುತ್ತವೆ. ದುಡ್ಡು ಕಟ್ಟಿದ ಮೇಲೆ ಕಾರ್ಡ್ ತೆಗೆದರೆ ಪ್ರಯೋಜನ ಕಮ್ಮಿ.

"ಈ ಔಷಧಿ ಹೊರಗಡೆ ತನ್ನಿ" ಅಂದರೆ ಸುಮ್ನೆ ಮೆಡಿಕಲ್ ಶಾಪಿಗೆ ಓಡಬೇಡಿ. ಎರಡು ಪ್ರಶ್ನೆ ಕೇಳಿ. "ಆಸ್ಪತ್ರೆಯ ಸ್ಟಾಕಿನಲ್ಲಿ ಇದಕ್ಕೆ ಬದಲಿ ಇದೆಯಾ?" "ಕಂಪನಿ ಹೆಸರಿನ ಬದಲು ಔಷಧಿಯ ಮೂಲ ಹೆಸರು ಬರೆದುಕೊಡ್ತೀರಾ?" ಮೂಲ ಹೆಸರಿದ್ದರೆ ಜನೌಷಧಿ ಕೇಂದ್ರದಲ್ಲಿ ಬಹಳ ಕಡಿಮೆಗೆ ಸಿಗುತ್ತದೆ. ಮೆಲ್ಲಗೆ, ಮರ್ಯಾದೆಯಿಂದ ಕೇಳಿದರೆ ಹೆಚ್ಚಿನವರು ಬರೆದುಕೊಡುತ್ತಾರೆ.

5. ತುರ್ತು ಆದಾಗ

108ಕ್ಕೆ ಕರೆ ಮಾಡಿ. ಆರೋಗ್ಯ ಕವಚ ಎಂಬ ಈ ಆಂಬುಲೆನ್ಸ್ ಸೇವೆ ಕರ್ನಾಟಕದಲ್ಲಿ 2008ರ ನವೆಂಬರಿನಿಂದ ಇದೆ, ಪೂರ್ತಿ ಉಚಿತ. ಊರಿನ ಹೆಸರಿನ ಜೊತೆ ಹತ್ತಿರದ ಗುರುತು ಹೇಳಿ (ಹಾಲಿನ ಡೇರಿ, ಶಾಲೆ, ದೇವಸ್ಥಾನ). ಫೋನ್ ಆಫ್ ಮಾಡಬೇಡಿ, ಚಾಲಕರು ವಾಪಸ್ ಕರೆ ಮಾಡುತ್ತಾರೆ.

ತುರ್ತು ವಿಭಾಗದಲ್ಲಿ ಬಂದ ಸಾಲಿನ ಪ್ರಕಾರ ನೋಡುವುದಿಲ್ಲ. ಯಾರ ಪ್ರಾಣಕ್ಕೆ ಜಾಸ್ತಿ ಅಪಾಯವೋ ಅವರು ಮೊದಲು. ಇದಕ್ಕೆ ಟ್ರಯಾಜ್ ಅನ್ನುತ್ತಾರೆ. ಕೆಂಪು ಅಂದರೆ ಈಗಲೇ, ಹಳದಿ ಅಂದರೆ ಸ್ವಲ್ಪ ಕಾಯಬಹುದು, ಹಸಿರು ಅಂದರೆ ಕಾಯಬಹುದು. ನಿಮ್ಮ ನಂತರ ಬಂದವರನ್ನು ಮೊದಲು ಒಳಗೆ ಕರೆದರೆ ಸಿಟ್ಟಾಗಬೇಡಿ.

ಎದೆನೋವು. ಗ್ಯಾಸ್ ಇರಬೇಕು ಅಂತ ಜೀರಿಗೆ ನೀರು ಕುಡಿದು ಬೆಳಗಾಗುವ ತನಕ ಕಾಯುವುದೇ ನಮ್ಮ ಕಡೆ ಜನ ಮಾಡುವ ದೊಡ್ಡ ತಪ್ಪು. ಎದೆ ಹಿಂಡಿದ ಹಾಗಾಗಿ, ಬೆವರು ಬಂದು, ನೋವು ಎಡಗೈಗೋ ದವಡೆಗೋ ಹರಡಿದರೆ ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ. ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯಡಿ ಅನೇಕ ತಾಲ್ಲೂಕು ಆಸ್ಪತ್ರೆಗಳಲ್ಲಿ ಟೆನೆಕ್ಟೆಪ್ಲೇಸ್ ಎಂಬ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ. ಹೃದಯದ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಅದು ಕರಗಿಸುತ್ತದೆ. ಖಾಸಗಿಯಲ್ಲಿ ಇದಕ್ಕೆ ಹತ್ತಾರು ಸಾವಿರ ಆಗುತ್ತದೆ. ಇಂಜೆಕ್ಷನ್ ಎಷ್ಟು ಬೇಗ ಬಿದ್ದರೆ ಅಷ್ಟು ಹೃದಯ ಉಳಿಯುತ್ತದೆ. ದೂರದ ದೊಡ್ಡ ಆಸ್ಪತ್ರೆಯೇ ಬೇಕು ಅಂತ ಎರಡು ಗಂಟೆ ಕಾರಿನಲ್ಲಿ ಕಳೆಯುವ ಬದಲು ಮೊದಲು ಹತ್ತಿರದಲ್ಲಿ ಇಸಿಜಿ ಆಗಲಿ.

ಹಾವು ಕಡಿತ. ಕುಯ್ಯಬೇಡಿ, ಹೀರಬೇಡಿ, ಬಿಗಿಯಾಗಿ ಕಟ್ಟಬೇಡಿ. ಉಂಗುರ, ಬಳೆ, ಕಾಲ್ಗೆಜ್ಜೆ ತೆಗೆಯಿರಿ. ಕಡಿದ ಕೈಕಾಲು ಅಲುಗಾಡದ ಹಾಗೆ ಇಟ್ಟು ಕರೆದುಕೊಂಡು ಹೋಗಿ. ಹಾವನ್ನು ಕೊಂದು ತರಬೇಕಾಗಿಲ್ಲ, ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ನಾಲ್ಕಕ್ಕೂ ಒಂದೇ ಪ್ರತಿವಿಷ. ಆಸ್ಪತ್ರೆಯಲ್ಲಿ ನಡೆಯುವ ಒಂದು ಸಂಗತಿ ನಿಮಗೆ ಮೊದಲೇ ಗೊತ್ತಿರಲಿ. ನರ್ಸ್ ಸ್ವಲ್ಪ ರಕ್ತ ತೆಗೆದು ಒಂದು ಸಣ್ಣ ಗಾಜಿನ ನಳಿಕೆಗೆ ಹಾಕಿ, ಮೂಲೆಯ ಸ್ಟ್ಯಾಂಡಿನಲ್ಲಿ ನಿಲ್ಲಿಸಿ ಹೋಗುತ್ತಾರೆ. ಇಪ್ಪತ್ತು ನಿಮಿಷ ಅದನ್ನು ಯಾರೂ ಮುಟ್ಟುವುದಿಲ್ಲ. ಮನೆಯವರಿಗೆ ಇದು ನಿರ್ಲಕ್ಷ್ಯದ ಹಾಗೆ ಕಾಣುತ್ತದೆ, ಜಗಳ ಶುರುವಾಗುತ್ತದೆ. ಆದರೆ ಅದೇ ಪರೀಕ್ಷೆ. ಇಪ್ಪತ್ತು ನಿಮಿಷದ ನಂತರ ನಳಿಕೆ ಬಗ್ಗಿಸಿ ನೋಡುತ್ತಾರೆ. ರಕ್ತ ಹೆಪ್ಪುಗಟ್ಟದೆ ನೀರಿನ ಹಾಗೆ ಹರಿದರೆ ಮಂಡಲದ ಹಾವಿನ ವಿಷ ರಕ್ತಕ್ಕೆ ಸೇರಿದೆ ಅಂತ ಅರ್ಥ. ಆಗ ಪ್ರತಿವಿಷ ಶುರು ಮಾಡುತ್ತಾರೆ. ದಯವಿಟ್ಟು ಆ ನಳಿಕೆ ಮುಟ್ಟಬೇಡಿ, ಅಲ್ಲಾಡಿಸಬೇಡಿ. ಆದರೆ ಆ ಹೊತ್ತಿನಲ್ಲಿ ರೋಗಿಯ ರೆಪ್ಪೆ ಜೋತುಬಿದ್ದರೆ, ಮಾತು ತೊದಲಿದರೆ, ಉಸಿರು ಕಷ್ಟವಾದರೆ ತಕ್ಷಣ ಕೂಗಿ ಹೇಳಿ.

ನಾಯಿ ಕಡಿತ. ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಖಾರದ ಪುಡಿ ಹಚ್ಚಬೇಡಿ. ಚರ್ಮಕ್ಕೆ ಕೊಡುವ ಲಸಿಕೆ ಮೊದಲ ದಿನ, 3, 7 ಮತ್ತು 28ನೇ ದಿನ. ರಕ್ತ ಬಂದಿದ್ದರೆ ಲಸಿಕೆಯ ಜೊತೆಗೆ ಗಾಯದ ಸುತ್ತ ಇಮ್ಯುನೋಗ್ಲೋಬ್ಯುಲಿನ್ ಎಂಬ ಇನ್ನೊಂದು ಇಂಜೆಕ್ಷನ್ ಬೇಕು. ಅದು ಎಲ್ಲ ಪಿಎಚ್‌ಸಿಗಳಲ್ಲೂ ಇರುವುದಿಲ್ಲ. ಕೇಳಿ, ಇಲ್ಲ ಅಂದರೆ ಜಿಲ್ಲಾಸ್ಪತ್ರೆಗೆ ಹೊರಡಿ. 28ನೇ ದಿನದ ಡೋಸ್ ಮರೆಯುವವರು ಜಾಸ್ತಿ, ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

ಅಪಘಾತ, ಸುಟ್ಟಗಾಯ, ವಿಷ ಸೇವನೆ, ಹೊಡೆದಾಟ. ಇವುಗಳನ್ನು ಎಂಎಲ್‌ಸಿ ಅಂತ ಬರೆಯುತ್ತಾರೆ. ಪೊಲೀಸರಿಗೆ ತಿಳಿಸಬೇಕಾದ ಪ್ರಕರಣ ಅಂತ ಅರ್ಥ. ಹೆದರಬೇಡಿ, ಎಂಎಲ್‌ಸಿ ಆದ ಮಾತ್ರಕ್ಕೆ ಯಾರ ಮೇಲೂ ಕೇಸ್ ಆಗಿಬಿಡುವುದಿಲ್ಲ. ಪೊಲೀಸರು ಬರಲಿ ಅಂತ ಚಿಕಿತ್ಸೆ ನಿಲ್ಲಿಸುವ ಹಾಗೂ ಇಲ್ಲ, ಸುಪ್ರೀಂ ಕೋರ್ಟ್ 1989ರಲ್ಲೇ ಇದನ್ನು ಹೇಳಿದೆ. ರಸ್ತೆಯಲ್ಲಿ ಬಿದ್ದವರನ್ನು ತಂದು ಸೇರಿಸಿದ ದಾರಿಹೋಕರನ್ನು ಬಲವಂತವಾಗಿ ಸಾಕ್ಷಿ ಮಾಡುವಂತಿಲ್ಲ. ಎಂಎಲ್‌ಸಿ ಪುಸ್ತಕದಲ್ಲಿ ಹೆಸರು, ಸಮಯ, ಜಾಗ ಸರಿಯಾಗಿ ಬರೆಸಿ. ಮುಂದೆ ವಿಮೆ ಹಣಕ್ಕೆ ಗಾಯದ ಪ್ರಮಾಣಪತ್ರ ಬೇಕಾದಾಗ ಅಲ್ಲಿಯ ಒಂದು ಅಕ್ಷರ ತಪ್ಪಿದ್ದರೂ ತಿಂಗಳುಗಟ್ಟಲೆ ಓಡಾಟ.

6. ಆಪರೇಷನ್, ಆಯುಷ್ಮಾನ್ ಕಾರ್ಡ್ ಮತ್ತು ರೆಫರಲ್

ಅತಿ ಜಾಸ್ತಿ ದುಡ್ಡು ಕಳೆದುಕೊಳ್ಳುವುದು ಇಲ್ಲೇ. ನಿಧಾನವಾಗಿ ಓದಿ.

ನಮ್ಮ ರಾಜ್ಯದಲ್ಲಿ ಇರುವುದು ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ. 2018ರಲ್ಲಿ ರಾಜ್ಯದ ಆರೋಗ್ಯ ಕರ್ನಾಟಕವನ್ನೂ ಕೇಂದ್ರದ ಆಯುಷ್ಮಾನ್ ಅನ್ನೂ ಸೇರಿಸಿ ಮಾಡಿದ ಯೋಜನೆ. ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಇದನ್ನು ನಡೆಸುತ್ತದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಉಚಿತ. ಇದು ಇಡೀ ಕುಟುಂಬಕ್ಕೆ ಸೇರಿ, ಒಬ್ಬೊಬ್ಬರಿಗೆ ಅಲ್ಲ. ಎಪಿಎಲ್‌ನವರಿಗೆ ಸರ್ಕಾರ ಗೊತ್ತು ಮಾಡಿದ ಪ್ಯಾಕೇಜ್ ದರದಲ್ಲಿ ಶೇ 30ರಷ್ಟನ್ನು ಮಾತ್ರ ಯೋಜನೆ ಕೊಡುತ್ತದೆ, ವರ್ಷಕ್ಕೆ 1.5 ಲಕ್ಷದವರೆಗೆ. ಪ್ಯಾಕೇಜ್ ದರ ಅಂದರೆ ಒಂದು ಆಪರೇಷನ್ನಿಗೆ ಬೆಡ್, ಔಷಧಿ, ಡಾಕ್ಟರ್ ಎಲ್ಲ ಸೇರಿ ಇಷ್ಟೇ ಅಂತ ಸರ್ಕಾರ ನಿಗದಿ ಮಾಡಿದ ಮೊತ್ತ.

ಯೋಜನೆಯ ಚಿಕಿತ್ಸೆಗಳನ್ನು ಸ್ಥೂಲವಾಗಿ ಮೂರು ಗುಂಪು ಅಂದುಕೊಳ್ಳಿ.

ಒಂದು, ಸರಳ ಚಿಕಿತ್ಸೆಗಳು. ಇವು ಸರ್ಕಾರಿ ಆಸ್ಪತ್ರೆಯಲ್ಲೇ ಆಗಬೇಕು. ಎರಡು, ಸಂಕೀರ್ಣವಾದವು, ದೊಡ್ಡ ತಜ್ಞರು ಬೇಕಾದವು. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು, ಅಲ್ಲಿ ಸೌಲಭ್ಯ ಇಲ್ಲದಿದ್ದರೆ ಅವರು ರೆಫರಲ್ ಕೊಡುತ್ತಾರೆ. ಆ ಚೀಟಿ ಹಿಡಿದು ಯೋಜನೆಗೆ ನೋಂದಾಯಿಸಿಕೊಂಡ ಖಾಸಗಿ ಆಸ್ಪತ್ರೆಗಳಲ್ಲಿ ನಿಮಗೆ ಬೇಕಾದ್ದನ್ನು ಆರಿಸಿಕೊಳ್ಳಬಹುದು. ಮೂರು, ತುರ್ತು ಚಿಕಿತ್ಸೆಗಳು. ಸುಮಾರು 170 ಇವೆ. ಇವಕ್ಕೆ ರೆಫರಲ್ ಬೇಡ, ನೋಂದಾಯಿತ ಖಾಸಗಿ ಆಸ್ಪತ್ರೆಗೆ ನೇರವಾಗಿ ಹೋಗಬಹುದು.

"ಕಾರ್ಡ್ ಇದ್ದರೂ ದುಡ್ಡು ಕೇಳ್ತಾರೆ" ಎಂಬ ದೂರಿಗೆ ಹೆಚ್ಚಿನ ಸಲ ಕಾರಣ ಇದೇ. ತುರ್ತಲ್ಲದ ಆಪರೇಷನ್ನಿಗೆ ರೆಫರಲ್ ಇಲ್ಲದೆ ನೇರವಾಗಿ ಖಾಸಗಿಗೆ ಸೇರಿರುತ್ತಾರೆ. ಅಲ್ಲಿ ಕಾರ್ಡ್ ನಡೆಯುವುದಿಲ್ಲ. ಆಮೇಲೆ ಬಿಲ್ಲು ತಂದು ಸರ್ಕಾರದಿಂದ ವಾಪಸ್ ಪಡೆಯೋಣ ಅಂದರೆ ಆ ದಾರಿಯೂ ಇಲ್ಲ. ಹಾಗಾಗಿ ಕ್ರಮ ಹೀಗಿರಲಿ:

1. ಖಾಸಗಿ ಡಾಕ್ಟರ್ ಆಪರೇಷನ್ ಬೇಕು ಅಂದರೂ, ಅವರ ರಿಪೋರ್ಟ್ ತಗೊಂಡು ಮೊದಲು ಜಿಲ್ಲಾಸ್ಪತ್ರೆಯ ಆ ವಿಭಾಗಕ್ಕೆ ತೋರಿಸಿ.
2. ಅಲ್ಲೇ ಆಗುತ್ತದೆ ಅಂದರೆ ದಿನಾಂಕ ಕೇಳಿ. ಕಾಯಬೇಕಾದರೆ ಎಷ್ಟು ದಿನ, ಕಾದರೆ ಅಪಾಯ ಇದೆಯಾ ಅಂತಲೂ ಕೇಳಿ.
3. ಆಗುವುದಿಲ್ಲ ಅಂದರೆ ರೆಫರಲ್ ಕೇಳಿ. ಕೈಬರಹದ ಚೀಟಿ ಮಾತ್ರ ಸಾಲದು, ಯೋಜನೆಯ ಕಂಪ್ಯೂಟರಿನಲ್ಲೂ ದಾಖಲಾಗಿದೆಯಾ ಅಂತ ಆರೋಗ್ಯ ಮಿತ್ರರ ಹತ್ತಿರ ಖಚಿತ ಮಾಡಿಕೊಳ್ಳಿ. ಆರೋಗ್ಯ ಮಿತ್ರ ಅಂದರೆ ಯೋಜನೆಯ ಕೆಲಸಕ್ಕೆಂದೇ ಆಸ್ಪತ್ರೆಯಲ್ಲಿ ಕೂರುವ ಸಿಬ್ಬಂದಿ.
4. ಖಾಸಗಿ ಆಸ್ಪತ್ರೆಗೆ ಹೋದ ಕೂಡಲೇ, ಅಡ್ಮಿಟ್ ಆಗುವ ಮುಂಚೆ, ಅಲ್ಲಿಯ ಆರೋಗ್ಯ ಮಿತ್ರರನ್ನು ಕಂಡು ರೆಫರಲ್ ಕೊಡಿ.

ಬಿಪಿಎಲ್‌ನವರ ಹತ್ತಿರ ಯೋಜನೆಯಡಿಯ ಚಿಕಿತ್ಸೆಗೆ ಮುಂಗಡ ಕೇಳುವಂತಿಲ್ಲ. ಕೇಳಿದರೆ ಅಲ್ಲಿಂದಲೇ ಆರೋಗ್ಯ ಸಹಾಯವಾಣಿ 104ಕ್ಕೆ ಅಥವಾ ಟ್ರಸ್ಟಿನ 1800 425 8330ಕ್ಕೆ ಕರೆ ಮಾಡಿ. ಖಾಲಿ ಹಾಳೆಗೆ, "ನಾನೇ ಇಷ್ಟಪಟ್ಟು ದುಡ್ಡು ಕಟ್ಟುತ್ತಿದ್ದೇನೆ" ಎಂಬ ಬರಹಕ್ಕೆ ಸಹಿ ಹಾಕಬೇಡಿ. ನಮ್ಮ ಮನೆಯಲ್ಲೇ ಒಮ್ಮೆ ಆತುರದಲ್ಲಿ ಹೀಗೆ ಸಹಿ ಹಾಕಿ, ಆಮೇಲೆ ದೂರು ಕೊಟ್ಟಾಗ ಆ ಹಾಳೆಯನ್ನೇ ನಮ್ಮ ಮುಂದೆ ಹಿಡಿದರು.

ಕಾರ್ಡ್ ಇನ್ನೂ ಮಾಡಿಸಿಲ್ಲವಾ? ಗ್ರಾಮ ಒನ್, ಕರ್ನಾಟಕ ಒನ್ ಕೇಂದ್ರಗಳಲ್ಲಿ ಆಧಾರ್, ರೇಷನ್ ಕಾರ್ಡ್ ಕೊಟ್ಟು ಮಾಡಿಸಿ. ತುರ್ತಿನಲ್ಲಿ ಕಾರ್ಡ್ ಇಲ್ಲದಿದ್ದರೂ ಆಧಾರ್ ಮತ್ತು ರೇಷನ್ ಕಾರ್ಡ್ ತೋರಿಸಿ ಚಿಕಿತ್ಸೆ ಶುರು ಮಾಡಿಸಬಹುದು.

7. ಹೆರಿಗೆಗೆ ಹೋಗುವವರಿಗೆ

ಜನನಿ ಶಿಶು ಸುರಕ್ಷಾ ಕಾರ್ಯಕ್ರಮ 2011ರಿಂದ ಇದೆ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ಪರೀಕ್ಷೆ, ರಕ್ತ, ಊಟ ಎಲ್ಲವೂ ಉಚಿತ. ಇದಕ್ಕೆ ಬಿಪಿಎಲ್ಲೇ ಆಗಿರಬೇಕು ಅಂತ ಇಲ್ಲ. ಸಾಮಾನ್ಯ ಹೆರಿಗೆಗೆ 3 ದಿನ, ಸಿಸೇರಿಯನ್ನಿಗೆ 7 ದಿನ ಊಟ. ಕಾಯಿಲೆ ಬಿದ್ದ ಮಗುವಿಗೆ ಒಂದು ವರ್ಷ ತುಂಬುವ ತನಕ ಚಿಕಿತ್ಸೆ ಉಚಿತ. ಮನೆಗೆ ಬಿಡಲು ನಗು-ಮಗು ವಾಹನ ಇದೆ, ಡಿಸ್ಚಾರ್ಜ್ ದಿನ ಬೆಳಿಗ್ಗೆಯೇ ನರ್ಸ್ ಹತ್ತಿರ ಹೇಳಿಡಿ.

ತೂಕ ಕಡಿಮೆ ಇರುವ, ಉಸಿರಾಟದ ತೊಂದರೆ ಇರುವ ನವಜಾತ ಶಿಶುಗಳಿಗೆ ಜಿಲ್ಲಾಸ್ಪತ್ರೆಗಳಲ್ಲಿ ಎಸ್‌ಎನ್‌ಸಿಯು ಎಂಬ ವಿಶೇಷ ಘಟಕ ಇದೆ. ಹೊರಗೆ ಎಲ್ಲೋ ಹುಟ್ಟಿದ ಮಗುವನ್ನೂ ಅಲ್ಲಿಗೆ ಕರೆದೊಯ್ಯಬಹುದು. ಹಿಂದಿನ ಹೆರಿಗೆ ಸಿಸೇರಿಯನ್ ಆಗಿದ್ದರೆ, ಬಿಪಿ ಜಾಸ್ತಿ ಇದ್ದರೆ, ರಕ್ತ ತೀರಾ ಕಮ್ಮಿ ಇದ್ದರೆ ನೋವು ಬಂದ ಮೇಲೆ ಊರೂರು ಅಲೆಯಬೇಡಿ. ಒಂಬತ್ತನೇ ತಿಂಗಳಿಗೆ ಮೊದಲೇ ಯಾವ ಆಸ್ಪತ್ರೆ ಅಂತ ಆಶಾ ಕಾರ್ಯಕರ್ತೆಯ ಜೊತೆ ಕೂತು ಗೊತ್ತು ಮಾಡಿ.

"ಮಗು ಆಯ್ತಲ್ಲ, ಖುಷಿಗೆ ಏನಾದ್ರೂ ಕೊಡಿ" ಅಂತ ಕೈ ಚಾಚುವವರು ಇದ್ದಾರೆ. ಇದು ಲಂಚ. ಹೆತ್ತು ಸುಸ್ತಾಗಿ ಮಲಗಿದ ತಾಯಿಯ ಮನೆಯವರ ಹತ್ತಿರ ಇದನ್ನು ಕೇಳುವುದು ನನಗೆ ಅತಿ ನೋವು ಕೊಡುವ ವಿಷಯ. ಕೊಡಬೇಡಿ, ದೂರು ಕೊಡಿ.

8. ಅಂಗವಿಕಲರ ಪ್ರಮಾಣಪತ್ರ

ನೇರವಾಗಿ ಆಸ್ಪತ್ರೆಗೆ ಹೋಗಿ ನಿಲ್ಲಬೇಡಿ. ಮೊದಲು ಯುಡಿಐಡಿ (ಅಂಗವಿಕಲರ ಗುರುತಿನ ಚೀಟಿ) ಎಂಬ ಸರ್ಕಾರಿ ತಾಣದಲ್ಲಿ ಅರ್ಜಿ ಹಾಕಿ, ಅದರ ಪ್ರತಿ ತಗೊಂಡು, ವೈದ್ಯಕೀಯ ಮಂಡಳಿ ಕೂರುವ ದಿನ ಕೇಳಿಕೊಂಡು ಹೋಗಿ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಲ್ಲಿ 21 ಬಗೆಯ ವೈಕಲ್ಯಗಳಿವೆ. ಹೆಚ್ಚಿನ ಸೌಲಭ್ಯಗಳಿಗೆ ಶೇ 40 ಅಥವಾ ಜಾಸ್ತಿ ಇರಬೇಕು.

9. ಡಿಸ್ಚಾರ್ಜ್ ದಿನ

ಮನೆಗೆ ಹೋಗುವ ಆತುರದಲ್ಲಿ ಡಿಸ್ಚಾರ್ಜ್ ಸಾರಾಂಶವನ್ನು ಯಾರೂ ಓದುವುದಿಲ್ಲ. ಓದಿ. ಹೆಸರು, ವಯಸ್ಸು, ಕಾಯಿಲೆಯ ಹೆಸರು, ಆಪರೇಷನ್ ದಿನಾಂಕ, ಮುಂದಿನ ಭೇಟಿಯ ದಿನ ನೋಡಿ. ಯಾವ ಲಕ್ಷಣ ಕಂಡರೆ ತಕ್ಷಣ ಬರಬೇಕು ಅಂತ ಕೇಳಿ ಬರೆಸಿಕೊಳ್ಳಿ.

ಆಪರೇಷನ್ನಿನಲ್ಲಿ ಗಂಟನ್ನೋ ಗರ್ಭಕೋಶವನ್ನೋ ತೆಗೆದಿದ್ದರೆ ಅದನ್ನು ಪರೀಕ್ಷೆಗೆ ಕಳಿಸಿರುತ್ತಾರೆ. ಅದಕ್ಕೆ ಬಯಾಪ್ಸಿ ಅಂತಾರೆ. ಕ್ಯಾನ್ಸರ್ ಇದೆಯಾ ಇಲ್ಲವಾ ಅಂತ ಗೊತ್ತಾಗುವುದು ಆ ವರದಿಯಿಂದಲೇ. ನೀವು ಮನೆಗೆ ಹೋಗಿ ಎಷ್ಟೋ ದಿನದ ಮೇಲೆ ಅದು ಬರುತ್ತದೆ. ಹೊಲಿಗೆ ಬಿಚ್ಚಿಸಿದ ಮೇಲೆ ಎಷ್ಟೋ ಜನ ಆ ಕಡೆ ತಿರುಗಿಯೂ ನೋಡುವುದಿಲ್ಲ, ವರದಿ ಕಪಾಟಿನಲ್ಲೇ ಉಳಿಯುತ್ತದೆ. "ಬಯಾಪ್ಸಿ ಕಳಿಸಿದ್ದೀರಾ? ವರದಿ ಯಾವಾಗ, ಎಲ್ಲಿ ಸಿಗುತ್ತದೆ?" ಈ ಪ್ರಶ್ನೆ ಕೇಳದೆ ಹೊರಡಬೇಡಿ.

ಮಗು ಹುಟ್ಟಿದ್ದರೆ ಜನನ ನೋಂದಣಿಗೆ ತಂದೆ ತಾಯಿಯ ಹೆಸರನ್ನು ಆಧಾರಿನಲ್ಲಿ ಇರುವ ಹಾಗೆಯೇ ಬರೆಸಿ. ಮಗುವಿನ ಹೆಸರನ್ನು ಆಮೇಲೆ ಸೇರಿಸಬಹುದು, ಮೊದಲ 12 ತಿಂಗಳು ಶುಲ್ಕ ಇಲ್ಲ.

10. ದೂರು ಕೊಡುವುದು

ವಾರ್ಡಿನಲ್ಲೇ ಕೂಗಾಡಿದರೆ ಏನೂ ಆಗುವುದಿಲ್ಲ, ಪಕ್ಕದ ಬೆಡ್ಡಿನ ರೋಗಿಗೂ ತೊಂದರೆ. ಮೊದಲು ಆ ಪಾಳಿಯ ನರ್ಸ್ ಅಥವಾ ಡ್ಯೂಟಿ ಡಾಕ್ಟರ್, ಆಮೇಲೆ ಆರ್‌ಎಂಒ (ಆಸ್ಪತ್ರೆಯ ದಿನನಿತ್ಯದ ಆಡಳಿತ ನೋಡುವ ವೈದ್ಯಾಧಿಕಾರಿ), ಅಲ್ಲೂ ಆಗದಿದ್ದರೆ ಜಿಲ್ಲಾ ಶಸ್ತ್ರಚಿಕಿತ್ಸಕರು ಅಥವಾ ವೈದ್ಯಕೀಯ ಅಧೀಕ್ಷಕರು. ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ದಿನಾಂಕ, ಸಮಯ, ವಾರ್ಡ್ ಇರಲಿ. ಫೋನಿನಲ್ಲಾದರೆ 104, ಅಥವಾ ಸರ್ಕಾರದ ಎಲ್ಲ ಇಲಾಖೆಗಳ ದೂರಿಗೂ ಇರುವ ಜನಸ್ಪಂದನದ 1902.

11. ಆಸ್ಪತ್ರೆ ಹೇಗೆ ನಡೆಯುತ್ತಿದೆ ಅಂತ ತಿಳಿಯುವುದು ಹೇಗೆ?

ಇದನ್ನು ಕೇಳುವವರು ಕಮ್ಮಿ, ಆದರೆ ನಮ್ಮ ತೆರಿಗೆಯ ಆಸ್ಪತ್ರೆ ಅಲ್ವಾ? ಪ್ರವೇಶದ್ವಾರದ ಹತ್ತಿರ ಮೂರು ಪ್ರಮಾಣಪತ್ರ ಹುಡುಕಿ. ಕಾಯಕಲ್ಪ ಇದ್ದರೆ ಸ್ವಚ್ಛತೆಗೆ ಸಿಕ್ಕ ಪ್ರಶಸ್ತಿ, 2015ರಲ್ಲಿ ಶುರುವಾದದ್ದು. ಲಕ್ಷ್ಯ ಇದ್ದರೆ ಹೆರಿಗೆ ಕೋಣೆಯ ಗುಣಮಟ್ಟಕ್ಕೆ. ಎನ್‌ಕ್ಯುಎಎಸ್ ಅಂದರೆ ಇಡೀ ಆಸ್ಪತ್ರೆಯ ರಾಷ್ಟ್ರೀಯ ಗುಣಮಟ್ಟ, ಹೊರಗಿನವರು ಬಂದು ಪರಿಶೀಲಿಸಿ ಕನಿಷ್ಠ ಶೇ 70 ಅಂಕ ಬಂದರೆ ಸಿಗುತ್ತದೆ. ದಿನಾಂಕ ನೋಡಿ, ಅವಧಿ ಮುಗಿದ ಪತ್ರವೂ ಗೋಡೆಯಲ್ಲಿ ಇರಬಹುದು.

ನೀತಿ ಆಯೋಗ 2021ರಲ್ಲಿ ದೇಶದ 707 ಜಿಲ್ಲಾಸ್ಪತ್ರೆಗಳ ವರದಿ ಬಿಡುಗಡೆ ಮಾಡಿತು. ಒಂದು ಲಕ್ಷ ಜನರಿಗೆ ಕನಿಷ್ಠ 22 ಬೆಡ್ ಇರಬೇಕು ಎಂಬುದು ಮಾನದಂಡ, ದೇಶದ ಸರಾಸರಿ 24, ಕರ್ನಾಟಕದಲ್ಲಿ 33. ಇದು ನಾವು ಹೆಮ್ಮೆಪಡಬೇಕಾದ ಅಂಕಿ. ಆದರೆ ಅದೇ ವರದಿಯ ಲೆಕ್ಕ 2017-18ರದ್ದು ಎಂಬುದು ನೆನಪಿರಲಿ. ಬೆಡ್ ಇದ್ದರೆ ಸಾಲದು, ಪಕ್ಕದಲ್ಲಿ ನರ್ಸ್ ಇದ್ದಾರಾ ಎಂಬುದೂ ಮುಖ್ಯ.

ಇನ್ನೊಂದು ಎಚ್ಚರಿಕೆ. ಜಿಲ್ಲಾಸ್ಪತ್ರೆಯಲ್ಲಿ ಸಾವಿನ ಸಂಖ್ಯೆ ಜಾಸ್ತಿ ಅಂತ ಓದಿದ ಕೂಡಲೇ ಅದು ಕೆಟ್ಟ ಆಸ್ಪತ್ರೆ ಅಂದುಕೊಳ್ಳಬೇಡಿ. ಆರು ತಾಲ್ಲೂಕುಗಳಲ್ಲಿ ಆಗದ ಕೇಸ್, ಖಾಸಗಿಯವರು ಕೊನೆಯ ಗಳಿಗೆಯಲ್ಲಿ ಕೈಬಿಟ್ಟ ಕೇಸ್, ಎಲ್ಲವೂ ಅಲ್ಲಿಗೇ ಬರುತ್ತವೆ. ಹಾಗಂತ ಪ್ರಶ್ನೆ ಕೇಳಬಾರದು ಅಂತಲ್ಲ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು, ಕೊಟ್ಟಿದ್ದ ಐವಿ ದ್ರಾವಣದ ಮೇಲೆ ಸಂಶಯ ಬಂತು. ಜನ ಪಟ್ಟು ಹಿಡಿದು ಕೇಳಿದ್ದರಿಂದಲೇ ರಾಜ್ಯದ ಎಲ್ಲ ಬಾಣಂತಿಯರ ಸಾವುಗಳ ಪರಿಶೀಲನೆಗೆ ಸರ್ಕಾರ ಮುಂದಾಯಿತು.

ನಿಮ್ಮ ಆಸ್ಪತ್ರೆಯ ಲೆಕ್ಕ ಬೇಕಾದರೆ ಮಾಹಿತಿ ಹಕ್ಕಿನಡಿ ಕೇಳಿ. ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡಿನ ಪ್ರತಿ ಲಗತ್ತಿಸಿದರೆ ಅದೂ ಇಲ್ಲ. ಕರ್ನಾಟಕದ ನಿಯಮದಲ್ಲಿ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು. ಇದನ್ನು ತಪ್ಪಿ ಎಷ್ಟೋ ಅರ್ಜಿ ವಾಪಸ್ ಬರುತ್ತವೆ. 30 ದಿನದಲ್ಲಿ ಉತ್ತರ ಬರಬೇಕು. ಆಸ್ಪತ್ರೆಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಹೀಗೆ ಬರೆದರೆ ಸಾಕು:

"ತಮ್ಮ ಆಸ್ಪತ್ರೆಯಲ್ಲಿ ಮಂಜೂರಾದ ತಜ್ಞ ವೈದ್ಯರ ಹುದ್ದೆಗಳು ವಿಭಾಗವಾರು ಎಷ್ಟು? ಈ ದಿನಕ್ಕೆ ಭರ್ತಿಯಾದವು ಎಷ್ಟು, ಖಾಲಿ ಎಷ್ಟು? ಪ್ರತಿ ಖಾಲಿ ಹುದ್ದೆ ಯಾವ ದಿನಾಂಕದಿಂದ ಖಾಲಿ ಇದೆ? ಈ ಮಾಹಿತಿಯ ದೃಢೀಕೃತ ಪ್ರತಿಗಳನ್ನು ಒದಗಿಸಬೇಕಾಗಿ ಕೋರುತ್ತೇನೆ."